'ಸಕತ್' ಎಲ್ಲಿಂದ ಬಂತು?

'ನ್ಯೂಸ್' ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕು ದಿಕ್ಕಿನ ಸುದ್ದಿ. ಹಾಸನದ ಕಡೆ ಓದಿದ ಯಾರಿಗೆ ಮೇಷ್ಟ್ರು ಇದನ್ನು ಹೇಳಿಲ್ಲ? ಕೇಳೋಕೆ ಚೆಂದ, ಆದರೆ ಶುದ್ಧ ಸುಳ್ಳು. 'ನ್ಯೂ' ಅಂದರೆ ಹೊಸದು. ಹೊಸ ಸಂಗತಿಗಳು 'ನ್ಯೂಸ್', ಅಷ್ಟೇ. ಅಕ್ಷರ ಬಿಡಿಸಿ ಕತೆ ಕಟ್ಟುವ ಈ ಚಟ ಆಡುಮಾತಿನ ಪದಗಳಿಗಂತೂ ಜಾಸ್ತಿ ಅಂಟಿಕೊಂಡಿದೆ.

ತಮಾಷೆ ಏನಂದರೆ, 'ಓಕೆ' ನಿಜವಾಗಿಯೂ ಹಾಗೇ ಹುಟ್ಟಿದ್ದು. ಬಾಸ್ಟನ್ನಿನ ಪತ್ರಿಕೆಯವರಿಗೆ ಆಗ ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಅದನ್ನು ಮೊಟಕು ಮಾಡುವ ಹುಚ್ಚು. 'ಆಲ್ ಕರೆಕ್ಟ್' ಅನ್ನೋದು 'ಓಲ್ ಕೊರೆಕ್ಟ್' ಆಗಿ, ಕೊನೆಗೆ ಎರಡೇ ಅಕ್ಷರಕ್ಕೆ ಇಳಿಯಿತು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಅದು ಅಚ್ಚಾಗಿದೆ. ಹುಡುಕಿ ತೆಗೆದವರು ಅಮೆರಿಕದ ಭಾಷಾತಜ್ಞ ಅಲೆನ್ ವಾಕರ್ ರೀಡ್. ಕಾಗದ ಉಳಿದಿತ್ತು, ಸಿಕ್ಕಿತು.

ನಮ್ಮ ಬೀದಿ ಮಾತಿಗೆ ಆ ಭಾಗ್ಯ ಕಡಿಮೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ಸುಮಾರು ಕ್ರಿ.ಶ. 450ರದ್ದು, 16 ಸಾಲು, ಅದರ ತುಂಬಾ ಸಂಸ್ಕೃತ ಸಮಾಸಗಳು. ಕಲ್ಲು ಕೆತ್ತಿಸುವವರು ಗೆಳೆಯರ ಹರಟೆ ಕೆತ್ತಿಸ್ತಾರಾ?

ಹಾಗಾಗಿ ಉಚ್ಚಾರದ ಜಾಡು ಹಿಡಿಯಬೇಕು. 'ಸಕತ್' ಮೂಲದಲ್ಲಿ ಪಾರಸಿಯ 'ಸಖ್ತ್', ಅಂದರೆ ಗಟ್ಟಿ, ಕಠಿಣ. ಉರ್ದು ಮೂಲಕ ನಮಗೆ ಬಂತು. ಪದದ ಕೊನೆಯಲ್ಲಿ ಎರಡು ವ್ಯಂಜನ ಒತ್ತಿಕೊಂಡು ನಿಂತರೆ ಕನ್ನಡದ ನಾಲಿಗೆಗೆ ಆಗಿಬರುವುದಿಲ್ಲ. ನಡುವೆ ಒಂದು ಸ್ವರ ತೂರಿಸಿಬಿಡುತ್ತದೆ. 'ಗರ್ಮ್' ಹೀಗೇ 'ಗರಂ' ಆಯಿತು. 'ಹುಕ್ಮ್' 'ಹುಕುಂ' ಆಯಿತು. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರಿಗೆ ಈ ಪದ ಚೆನ್ನಾಗಿ ಗೊತ್ತು: ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿ. ಮೂರೂ ಪದಗಳು ಒಂದೇ ದಾರಿಯಲ್ಲಿ ಬದಲಾಗಿವೆ, ಅಲ್ವಾ? ಒಂದು ಪದದ ಕತೆ ನಂಬಬೇಕಾದರೆ ಹೀಗೆ ಜೊತೆಯ ಪದಗಳು ಸಾಕ್ಷಿ ಹೇಳಬೇಕು.

ಅರ್ಥದ ಕತೆ ಇನ್ನೂ ಮಜಾ. ಉರ್ದುವಿನಲ್ಲಿ 'ಸಖ್ತ್ ಗರ್ಮಿ' ಅಂದರೆ ವಿಪರೀತ ಸೆಕೆ. ಅಲ್ಲಿ ಕಠಿಣ ಅನ್ನುವುದೂ ಇದೆ, ಜಾಸ್ತಿ ಅನ್ನುವುದೂ ಇದೆ. ನಾವು ಎರಡನೆಯದನ್ನು ಮಾತ್ರ ಹಿಡಿದುಕೊಂಡು 'ಸಕತ್ ರುಚಿ' ಅಂದೆವು. ಆಮೇಲೆ ರುಚಿಯೂ ಬೇಡವಾಯಿತು, ಬರೀ 'ಸಕತ್' ಅಂದರೇ ಹೊಗಳಿಕೆ. ಜೋರಾದ ಪದಗಳನ್ನು ಬಳಸಿದಷ್ಟೂ ಅವು ಸಪ್ಪೆಯಾಗುತ್ತವೆ, ಅದೇ ಕಾಫಿಪುಡಿಗೆ ಮತ್ತೆ ಮತ್ತೆ ಬಿಸಿನೀರು ಸುರಿದು ಇಳಿಸಿದ ಡಿಕಾಕ್ಷನ್ ಥರ. ಆಗ ಇನ್ನೊಂದು ಪದ ಬೇಕಾಗುತ್ತದೆ. 'ಭಯಂಕರ ಚೆನ್ನಾಗಿದೆ' ಅನ್ನುವವರ ಮುಖದಲ್ಲಿ ಭಯ ಎಲ್ಲಿದೆ? ಇಂಗ್ಲಿಷಿನ 'ವೆರಿ' ಕೂಡ ಹಳೇ ಫ್ರೆಂಚಿನಲ್ಲಿ 'ನಿಜವಾದ' ಅನ್ನುವ ಅರ್ಥದ ಪದ. ಹುಡುಗರು ಭಾಷೆ ಕೆಡಿಸಿದರು ಅಂತ ಸುಮ್ನೆ ಗೊಣಗುವವರು ಇದನ್ನು ಗಮನಿಸುವುದೇ ಇಲ್ಲ.

ಕೊಪ್ಪ, ಶೃಂಗೇರಿ ಕಡೆಯ 'ಎಂಥದಾ ಮಾರಾಯ' ಅನ್ನುವುದರಲ್ಲೂ ಒಬ್ಬ ದೊರೆ ಇದ್ದಾನೆ: ಮಹಾರಾಯ. ಈಗ ದಾರಿಗೆ ಅಡ್ಡ ನಿಂತ ಎಮ್ಮೆಗೂ 'ಆಚೆ ಹೋಗೇ ಮಾರಾಯ್ತಿ' ಅಂತಾರೆ. 'ಬಾಸ್' ಡಚ್ ಭಾಷೆಯಲ್ಲಿ ಯಜಮಾನ; ಅಮೆರಿಕಕ್ಕೆ ಹೋಗಿ ನೆಲೆಸಿದ ಡಚ್ಚರಿಂದ ಇಂಗ್ಲಿಷಿಗೆ ಸೇರಿತು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೇಳೋಕೂ 'ಬಾಸ್', ಜಗಳ ತೆಗೆಯೋಕೂ 'ಬಾಸ್'.