ಖಾಸಗಿ ಶಾಲೆ, ವರ್ಗ ಮತ್ತು ಜೂನ್ ತಿಂಗಳ ಫೀ

ಶಿಕ್ಷಣದ ಸಮಾಜಶಾಸ್ತ್ರದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಖಾಸಗಿ ಶಾಲೆ ಇರುವುದು ನ್ಯಾಯವೇ? ಉತ್ತರ ಶುರುಮಾಡುವ ಮೊದಲು ಕಾರವಾರದ ಜೂನ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ.

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ್ ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ನಮ್ಮ ಪಕ್ಕದ ಮನೆಯ ಅಣ್ಣ ಬೋಟಿಗೆ ಹೋಗುತ್ತಾರೆ. ಹೋದ ವರ್ಷ ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಮೊದಲ ಕಂತು, ಎರಡು ಜತೆ ಯೂನಿಫಾರ್ಮ್, ಶೂ, ಪುಸ್ತಕ, ವ್ಯಾನಿನ ಅಡ್ವಾನ್ಸ್, ಎಲ್ಲ ಒಂದೇ ವಾರದಲ್ಲಿ. ಅತ್ತಿಗೆಯ ಬಳೆ ಅಡವಿಗೆ ಹೋಯಿತು. ಸಂಬಳ ಬರುವ ಮನೆಗೂ ಫೀ ಅಷ್ಟೇ. ಅವರಿಗೆ ಅದು ಖರ್ಚು, ಇವರಿಗೆ ಸಾಲ.

ಘಟ್ಟದ ಮೇಲೆ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಕೈಯಲ್ಲೂ ಜೂನ್‌ನಲ್ಲಿ ದುಡ್ಡು ಓಡಾಡುವುದು ಕಡಿಮೆ. ಆದರೆ ತೋಟ ಇದ್ದವರಿಗೆ ಸೊಸೈಟಿಯಲ್ಲಿ ಸಾಲ ಹುಟ್ಟುತ್ತದೆ. ಅದೇ ತೋಟದಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ತೋರಿಸಲು ತೋಟವೇ ಇಲ್ಲವಲ್ಲ. ವರ್ಗ ಅಂದಾಗ ಆದಾಯದ ಜತೆ ಆಸ್ತಿಯನ್ನೂ ಸೇರಿಸಿ ಬರೆಯಿರಿ.

ಇನ್ನು ಪಿಯರ್ ಬೋರ್ಡ್ಯೂ (1930–2002). ದುಡ್ಡಿನ ಬಂಡವಾಳ, ಪರಿಚಯಗಳ ಬಂಡವಾಳ, ಸಾಂಸ್ಕೃತಿಕ ಬಂಡವಾಳ (ಮನೆಯಿಂದಲೇ ಬರುವ ಭಾಷೆ, ಓದು, ರೂಢಿ) ಎಂಬ ಮಾತುಗಳು ಈ ಫ್ರೆಂಚ್ ಸಮಾಜಶಾಸ್ತ್ರಜ್ಞರವು. ಮೂರನೆಯದು ನನಗೆ ಅರ್ಥವಾಗಿದ್ದು ಪಕ್ಕದ ಮನೆಯ ಆ ಮಗುವಿನ ಡೈರಿಯಿಂದ. ರಾತ್ರಿ ಎಂಟಕ್ಕೆ ಡೈರಿ ನಮ್ಮ ಮನೆಗೆ ಬರುತ್ತದೆ. ಟೀಚರ್ ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಓದಿ ಅತ್ತಿಗೆಗೆ ಕೊಂಕಣಿಯಲ್ಲಿ ಹೇಳಬೇಕು. ಒಂದು ದಿನ, ನಾಳೆ ಚಾರ್ಟ್ ಪೇಪರ್ ತರಬೇಕಂತೆ. ಅಷ್ಟೊತ್ತಿಗೆ ಅಂಗಡಿ ಮುಚ್ಚಿತ್ತು. ಅಪ್ಪ ಅಮ್ಮ ಇಂಗ್ಲಿಷ್ ಓದುವ ಮನೆಯಲ್ಲಿ ಅದನ್ನು ಸಂಜೆ ನಾಲ್ಕೂವರೆಗೇ ಓದಿರುತ್ತಾರೆ. ಫೀ ಕಟ್ಟಿದರೂ ಈ ಅಂತರ ಹಾಗೇ ಉಳಿಯುತ್ತದೆ.

ಕಾನೂನು ಏನು ಮಾಡಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ 25% ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು. ಆದರೆ ಕರ್ನಾಟಕ 2019ರಿಂದ ನಿಯಮ ಬದಲಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ. ಅದೇ ವರ್ಷ ಹೈಕೋರ್ಟ್ ಕೂಡ ಇದನ್ನು ಒಪ್ಪಿತು. ನಮ್ಮ ಕಡೆ ಸರ್ಕಾರಿ ಶಾಲೆಯೇ ಹತ್ತಿರ ಇಲ್ಲದ ಊರು ಎಷ್ಟು ಸಿಗುತ್ತವೆ ಹೇಳಿ?

ಸರ್ಕಾರಕ್ಕೂ ಒಂದು ವಾದ ಇದೆ, ಅದನ್ನು ಬಿಡಬೇಡಿ. ಆ 25% ಸೀಟಿಗಾಗಿ ಖಾಸಗಿ ಶಾಲೆಗೆ ಮರುಪಾವತಿ ಮಾಡುವ ದುಡ್ಡನ್ನು ಸ್ವಂತ ಶಾಲೆಗೇ ಹಾಕಬಹುದಲ್ವಾ? ತಪ್ಪೇನಲ್ಲ, ನಿಜವಾಗಿ ಹಾಕಿದರೆ.

ಪೋಷಕರ ಆಯ್ಕೆಯನ್ನೂ ಸುಮ್ನೆ ಬೈಯಬಾರದು. ಪ್ರಾಥಮಿಕದಲ್ಲಿ ಯಾವ ಮಾಧ್ಯಮ ಎಂಬುದು ಪೋಷಕರಿಗೆ ಬಿಟ್ಟದ್ದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, ಇದು ಕಾಯ್ದೆಯದೇ ಲೆಕ್ಕ. ಐದು ತರಗತಿಗೆ ಇಬ್ಬರೇ. ಇದನ್ನು ನೋಡಿಯೇ ಪಕ್ಕದ ಮನೆಯ ಅಣ್ಣ ಮಗಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದ್ದು. ಅವಳು ಹೋದ ಮೇಲೆ ಆ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು ಕಡಿಮೆಯಾಯಿತು.