ನಾಲ್ಕು ಸಾವಿರ ರೂಪಾಯಿ, ಐದು ಜನ, ಎರಡು ದಿನ: ಹಂಪಿ ನೋಡಿ ಬರಬಹುದಾ?

ಪ್ರಶ್ನೆ: ನಾವು ಸಿಂಧನೂರಿನವರು. ನಾನು, ನಮ್ಮ ಮನೆಯವರು, ಅತ್ತೆ, 11 ವರ್ಷದ ಮಗಳು, 8 ವರ್ಷದ ಮಗ. ದೀಪಾವಳಿ ಆದ ಮೇಲೆ ಎರಡು ದಿನ ಹಂಪಿ ಕಡೆ ಹೋಗೋಣ ಅಂತ ಆಸೆ. ಕೈಯಲ್ಲಿರುವುದು 4,000 ರೂಪಾಯಿ. ಕಾರಿನ ಬಾಡಿಗೆಗೇ ಅದೆಲ್ಲ ಹೋಗುತ್ತದೆ. ಅತ್ತೆಗೆ ಮೊಣಕಾಲು ನೋವು ಬೇರೆ. ಇಷ್ಟರಲ್ಲಿ ಖುಷಿಯಾಗಿ ಹೋಗಿ ಬರಬಹುದಾ?

ಉತ್ತರ: ಬರಬಹುದು. ಕಾರಿನ ಆಸೆ ಬಿಡಿ. ನೋಡುವ ಜಾಗಗಳ ಪಟ್ಟಿ ಮಾಡಿದ್ದರೆ ಅದರಲ್ಲಿ ಅರ್ಧ ಹೊಡೆದು ಹಾಕಿ. ಹಂಪಿ ಕಡೆ ನೋಡುವುದಕ್ಕೆ ಖರ್ಚು ಕಡಿಮೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವುದಕ್ಕೇ ಜಾಸ್ತಿ.

ಇದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತದ್ದು. ಕೆಲವು ವರ್ಷದ ಹಿಂದೆ ಗಾಡಿ ಮಾಡಿಕೊಂಡು ಹೋಗಿ ಒಂದೇ ದಿನದಲ್ಲಿ ಹನ್ನೊಂದು ಜಾಗ ತೋರಿಸಿದೆ ಮನೆಯವರಿಗೆ. ತೋರಿಸಿದ್ದೆಲ್ಲಿ ಬಂತು, ಹತ್ತಿಸಿ ಇಳಿಸಿದೆ ಅಷ್ಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವ್ವ "ನಾ ಇಲ್ಲೇ ಕೂಡ್ತೀನಪ್ಪ, ನೀವು ನೋಡಿ ಬರ್ರಿ" ಎಂದು ಗಾಡಿಯಲ್ಲೇ ಉಳಿದಳು. ಡ್ರೈವರ್ ಊಟಕ್ಕೆ ಕರೆದುಕೊಂಡು ಹೋದ ಕಡೆ ಬಿಲ್ಲು ನೋಡಿ ತಿಂದದ್ದು ಮೈಗೆ ಹತ್ತಲಿಲ್ಲ. ಈಗ ಮಕ್ಕಳನ್ನು ಕೇಳಿದರೆ ಅವರಿಗೆ ನೆನಪಿರುವುದು ಒಂದೇ. ಹಂಪಿಯಿಂದ ಹೊಳೆಯಾಚೆ ಇರುವ ಆನೆಗೊಂದಿಯ ದಂಡೆಯಲ್ಲಿ ಬಂಡೆ ಮೇಲೆ ಕೂತು ತಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ. ಅದಕ್ಕೆ ನೂರು ರೂಪಾಯಿಯೂ ಆಗಿರಲಿಲ್ಲ.

ಬಸ್ಸಿನ ಲೆಕ್ಕ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನೀವು, ಅತ್ತೆ, ಮಗಳು ಮೂವರಿಗೂ ಟಿಕೆಟ್ ದುಡ್ಡಿಲ್ಲ. ಮಗನಿಗೆ ಅರ್ಧ. ಅಂದರೆ ಐದು ಜನರ ಪ್ರಯಾಣ ಒಂದೂವರೆ ಟಿಕೆಟ್ಟಿನಲ್ಲಿ ಮುಗಿಯಿತು! ಆಧಾರ್ ಕಾರ್ಡ್ ಮರೆಯಬೇಡಿ, ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ನಡೆಯುವುದಿಲ್ಲ.

ರಾತ್ರಿ ಗಂಗಾವತಿಯಲ್ಲಿ ಉಳಿಯಿರಿ. ಸಿಂಧನೂರಿನಿಂದ ಸುಮಾರು 50 ಕಿ.ಮೀ. ಅದು ಭತ್ತದ ವ್ಯಾಪಾರದ ಊರು. ಲಾಡ್ಜಿಗೆ ಬರುವವರಲ್ಲಿ ಪ್ರವಾಸಿಗರಿಗಿಂತ ವ್ಯಾಪಾರದವರು ಜಾಸ್ತಿ, ಹಾಗಾಗಿ ಹಂಪಿಯ ಸೀಸನ್ ರೇಟು ಅಲ್ಲಿ ಅಷ್ಟಾಗಿ ತಟ್ಟುವುದಿಲ್ಲ. ಅತ್ತೆಗೋಸ್ಕರ ಕೆಳಗಿನ ಅಂತಸ್ತಿನ ಕೋಣೆಯನ್ನೇ ಕೇಳಿ. ಒಂದು ಹಾಸಿಗೆ ಹೆಚ್ಚಿಗೆ ಕೊಡುತ್ತೀರಾ, ಅದಕ್ಕೆಷ್ಟು ಅಂತ ಮೊದಲೇ ಮಾತಾಡಿ. ದುಡ್ಡು ಉಳಿಸಬೇಕೆಂದು ರಾತ್ರಿಯ ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡಿ. ನಿದ್ದೆಗೆಟ್ಟ ಮಕ್ಕಳನ್ನು ಕರೆದುಕೊಂಡು ವಿಠ್ಠಲ ದೇವಸ್ಥಾನ ನೋಡುವುದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು.

ಮೊದಲ ದಿನ ಬರೀ ಆನೆಗೊಂದಿ ಇರಲಿ. ಬೆಳಿಗ್ಗೆ ಬೇಗ ಗಂಗಾವತಿ ತಲುಪಿ, ಲಾಡ್ಜಿನಲ್ಲಿ ಬ್ಯಾಗು ಇಟ್ಟು ಹೊರಡಿ. ಅಲ್ಲಿನ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಹನುಮಂತ ಹುಟ್ಟಿದ್ದು ಇಲ್ಲೇ ಅನ್ನುವುದು ನಮ್ಮ ಕಡೆಯ ನಂಬಿಕೆ. ತಿರುಪತಿಯವರದು ಬೇರೆ ವಾದ, ಅದು ಇರಲಿ. ಮಕ್ಕಳನ್ನು ಕರೆದುಕೊಂಡು ನಿಮ್ಮ ಮನೆಯವರು ಬೆಟ್ಟ ಹತ್ತಲಿ. ನೀವು ಅತ್ತೆಯ ಜೊತೆ ಪಂಪಾ ಸರೋವರದ ಹತ್ತಿರ ಆರಾಮಾಗಿ ಕೂತಿರಿ. ಎಲ್ಲರೂ ಎಲ್ಲವನ್ನೂ ನೋಡಲೇಬೇಕು ಅಂತ ಏನಿದೆ? ಶನಿವಾರ ಮಾತ್ರ ಬೇಡ, ಬೆಟ್ಟಕ್ಕೆ ವಿಪರೀತ ಜನ ಇರುತ್ತಾರೆ.

ಮಧ್ಯಾಹ್ನದ ಊಟ ಮನೆಯ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನ. ಆನೆಗೊಂದಿಯ ಚಿಂತಾಮಣಿ ದೇವಸ್ಥಾನದ ಹತ್ತಿರ ಹೊಳೆ ಕಾಣುವಂತೆ ಕೂತು ಉಣ್ಣಿ. ವಾಲಿಗೆ ರಾಮ ಬಾಣ ಬಿಟ್ಟ ಜಾಗ ಅಂತ ಅಲ್ಲಿ ಹೇಳುತ್ತಾರೆ, ಅತ್ತೆಗೆ ಮೊಮ್ಮಕ್ಕಳಿಗೆ ಕತೆ ಹೇಳಲು ಅದಕ್ಕಿಂತ ಒಳ್ಳೆ ಜಾಗ ಬೇಕಾ? ನೀರಿಗೆ ಮಾತ್ರ ಮಕ್ಕಳನ್ನು ಬಿಡಬೇಡಿ, ತುಂಗಭದ್ರೆಯ ಸೆಳವು ದಂಡೆಯಿಂದ ಗೊತ್ತಾಗುವುದಿಲ್ಲ. ಊರೊಳಗೆ ಬಾಳೆನಾರಿನ ಬುಟ್ಟಿ, ಚೀಲ ಮಾಡುವ ಹೆಂಗಸರಿದ್ದಾರೆ. ನೋಡುವುದಕ್ಕೆ ದುಡ್ಡಿಲ್ಲ. ಕೊಳ್ಳದೆ ಬರುವುದು ನಿಮ್ಮ ಗಟ್ಟಿತನಕ್ಕೆ ಬಿಟ್ಟದ್ದು. ತೆಪ್ಪದಲ್ಲಿ ಕೂರುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ತಲೆಗೆಷ್ಟು, ಎಷ್ಟು ಹೊತ್ತು ಅಂತ ಕೇಳಿಯೇ ಹತ್ತಿ. ಡ್ಯಾಮಿನಿಂದ ನೀರು ಬಿಟ್ಟಿದ್ದರೆ ಆ ಮಾತೇ ಬೇಡ.

ಎರಡನೇ ದಿನ ಹಂಪಿ. ಗಂಗಾವತಿಯಿಂದ ನೇರ ಬಸ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಸಪೇಟೆಗೆ ಹೋಗಿ ಅಲ್ಲಿಂದ ಹಂಪಿ ಬಸ್ ಹತ್ತಿ. ಮೊದಲು ವಿರೂಪಾಕ್ಷ ದೇವಸ್ಥಾನ. ಗರ್ಭಗುಡಿಯ ಹಿಂದೆ ಒಂದು ಕತ್ತಲ ಕೋಣೆಯಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಮೇಲಿಂದ ಬಂದ ಬೆಳಕು ಕಿಂಡಿ ದಾಟಿ ಕೆಳಗೆ, ಕೆಳಗಿಂದ ಬಂದದ್ದು ಮೇಲೆ. ಹಳೆಯ ಡಬ್ಬಿ ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ. ಮಗಳ ವಿಜ್ಞಾನದ ಪುಸ್ತಕದಲ್ಲಿ ಸೂಜಿರಂಧ್ರ ಬಿಂಬಗ್ರಾಹಿ ಅಂತ ಓದಿದ್ದು ಇಲ್ಲಿ ಗೋಡೆ ಮೇಲೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಹಂಪಿಯಲ್ಲಿ ಮಕ್ಕಳಿಗೆ ತೋರಿಸಬೇಕಾದ ಮೊದಲ ವಸ್ತು ಇದು.

ಆಮೇಲೆ ಆಟೊದಲ್ಲಿ ಕಮಲ ಮಹಲು, ಆನೆ ಲಾಯ, ಅಲ್ಲಿಂದ ವಿಠ್ಠಲ ದೇವಸ್ಥಾನ. ಇಡೀ ದಿನದ ಪ್ಯಾಕೇಜ್ ಬೇಡ, ಇಷ್ಟಕ್ಕೆ ಮಾತ್ರ ರೇಟು ಮಾತಾಡಿ. ಕಮಲ ಮಹಲಿಗೆ ತೆಗೆದ 40 ರೂಪಾಯಿಯ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ನಡೆಯುತ್ತದೆ, ಬಿಸಾಡಬೇಡಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಿಠ್ಠಲ ದೇವಸ್ಥಾನಕ್ಕೆ ಸ್ವಲ್ಪ ದೂರದಲ್ಲೇ ಗಾಡಿ ನಿಲ್ಲಿಸುತ್ತಾರೆ. ಅಲ್ಲಿಂದ ಬ್ಯಾಟರಿ ಗಾಡಿ ಇದೆ, ಅತ್ತೆಯನ್ನು ನಡೆಸಬೇಡಿ. ಸಂಜೆ ವಿರೂಪಾಕ್ಷ ದೇವಸ್ಥಾನದ ಪಕ್ಕದ ಹೇಮಕೂಟ ಗುಡ್ಡಕ್ಕೆ ಬಂದು ಸುಮ್ನೆ ಕೂತರಾಯಿತು. ಸೂರ್ಯ ಮುಳುಗುವುದಕ್ಕೆ ಟಿಕೆಟ್ ಇಟ್ಟಿಲ್ಲ, ಸದ್ಯ.

ದುಡ್ಡು ಹೀಗೆ ಹಂಚಿಕೊಳ್ಳಿ: ಕೋಣೆಗೆ 1,300, ಬಸ್ಸಿಗೆ 500, ಆಟೊಗೆ 700, ಊಟ ತಿಂಡಿಗೆ 900, ಹಂಪಿಯ ಟಿಕೆಟ್ಟು ಬ್ಯಾಟರಿ ಗಾಡಿಗೆ 250. ಉಳಿದ 350ನ್ನು ಬೇರೆ ಪರ್ಸಿನಲ್ಲಿಡಿ. ತೆಪ್ಪವೋ, ಐಸ್‌ಕ್ರೀಮೋ, ಬಾಳೆನಾರಿನ ಚೀಲವೋ, ಎಲ್ಲ ಅದರಲ್ಲೇ. ನೀರಿಗೆ ಐದು ಲೀಟರಿನ ಕ್ಯಾನು ಮನೆಯಿಂದಲೇ ತನ್ನಿ. ಐದು ಜನ ಬಾಟಲಿ ಕೊಳ್ಳುತ್ತಾ ಹೋದರೆ ಒಂದು ಹೊತ್ತಿನ ಊಟದ ದುಡ್ಡು ನೀರಿಗೇ ಹೋಗುತ್ತದೆ.

ಹಂಪಿಯನ್ನು ಆಗಲೇ ನೋಡಿದವರು ಕೊಪ್ಪಳ ಜಿಲ್ಲೆಯ ಕುಕನೂರು, ಇಟಗಿ ಕಡೆ ಹೋಗಿ. ಇಟಗಿಯ ಮಹಾದೇವ ದೇವಾಲಯ 1112ರದು, ಶಾಸನದಲ್ಲಿ ಅದಕ್ಕೆ 'ದೇವಾಲಯ ಚಕ್ರವರ್ತಿ' ಅಂತ ಹೆಸರು. ಕೆತ್ತನೆ ನೋಡಿದರೆ ಅದು ಬಡಾಯಿ ಅನಿಸುವುದಿಲ್ಲ. ಜನಜಂಗುಳಿಯೂ ಇಲ್ಲ. ಒಂದೇ ದಿನದಲ್ಲಿ ಮುಗಿಯುವುದರಿಂದ ಕೋಣೆಯ ಖರ್ಚೂ ಉಳಿಯುತ್ತದೆ.

ಇನ್ನೊಂದು ಮಾತು. ಎರಡನೇ ದಿನ ಬೆಳಿಗ್ಗೆಯೇ ಸಿಂಧನೂರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ, ಅದಕ್ಕೂ ಹಿಂದಿನ ಬಸ್ಸಿಗೆ ಬನ್ನಿ. ಕೊನೆಯದರಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ, ಅತ್ತೆಗೆ ಕಿಟಕಿ ಸೀಟು ಸಿಗಬೇಕಲ್ವಾ.