ಗ್ಯಾಸ್ ಹೀಟರ್ ಕೊಳ್ಳುವ ಮುಂಚೆ ಪಾತ್ರೆಯ ತಳ ನೋಡಿ

ಪುನರ್ವಸು ಮಳೆ ಹಿಡಿದು ಎಂಟು ದಿನ ಆಗಿತ್ತು. ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಹೊಸ ತಾರಸಿ ಮನೆ, ಅಲ್ಯೂಮಿನಿಯಂ ಕಿಟಕಿ, ಗಾಳಿ ಆಡೋಕೆ ಒಂದು ಸಂದೂ ಇಲ್ಲ. ಚಳಿಗೆ ಅಂತ ಭಾವ ಒಂದು ಗ್ಯಾಸ್ ಹೀಟರ್ ತಂದಿದ್ದರು. ಹೊಟ್ಟೆಯಲ್ಲೇ ಸಿಲಿಂಡರ್ ಇಟ್ಟುಕೊಂಡು ಚಕ್ರದ ಮೇಲೆ ಓಡಾಡುವಂಥದ್ದು. ಕೆಂಪಗೆ ಕಾದ ಬಿಲ್ಲೆಗಳ ಮುಂದೆ ಕೈ ಚಾಚಿ ಕೂತರೆ ಸುಖವೋ ಸುಖ. ಆದರೆ ಅಕ್ಕನ ದೂರೇ ಬೇರೆ.

“ಬೆಂಕಿ ಹಚ್ಚಿದರೆ ಕೋಣೆ ಒಣಗಬೇಕು ಅಲ್ವೇನೋ? ಬೀರು ಹಿಂದೆ ನೋಡು, ಪೂರಾ ಬೂಷ್ಟು. ಅಂಗಡಿಯವರು ಥಂಡಿ ಎಳ್ಕೊಳ್ಳುತ್ತೆ ಅಂದಿದ್ರು.”

ಗೋಡೆಗೆ ಕೈ ಇಟ್ಟೆ. ಅಂಗೈ ಒದ್ದೆಯಾಯಿತು. ಕಿಟಕಿ ಗಾಜಿನ ಮೇಲೆ ಹನಿಗಳು ಒಂದಕ್ಕೊಂದು ಸೇರಿ ಗೆರೆ ಗೆರೆಯಾಗಿ ಇಳಿಯುತ್ತಿದ್ದವು. ಆ ಹೀಟರ್ ಕೋಣೆಯೊಳಗೆ ನೀರು ಸುರಿಯುತ್ತಿತ್ತು. ಮಾತಿಗೆ ಹೇಳ್ತಿಲ್ಲ, ಲೀಟರ್ ಲೆಕ್ಕದಲ್ಲಿ.

ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ. ತಣ್ಣೀರು ತುಂಬಿದ ಪಾತ್ರೆಯ ತಳವನ್ನು ಚೆನ್ನಾಗಿ ಒರೆಸಿ, ಗ್ಯಾಸ್ ಒಲೆ ಮೇಲಿಡಿ. ಕೆಲವೇ ಕ್ಷಣ. ತಳ ಮಂಜಾಗುತ್ತದೆ, ಬೆವರುತ್ತದೆ. ಪಾತ್ರೆ ತೂತಾಗಿದೆ ಅಂತ ಎಷ್ಟೋ ಜನ ತಿರುಗಿಸಿ ನೋಡುತ್ತಾರೆ. ತೂತು ಇಲ್ಲ. ಆ ನೀರು ಹುಟ್ಟಿದ್ದೇ ಬೆಂಕಿಯಲ್ಲಿ! ಪಾತ್ರೆ ಕಾದ ಮೇಲೆ ಅದು ಆವಿಯಾಗಿಯೇ ಉಳಿಯುತ್ತದೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳೋದಿಲ್ಲ.

ನಮ್ಮ ಭಾಷೆಯಲ್ಲಿ ಈ ಗುಟ್ಟು ಹೆಸರಿನಲ್ಲೇ ಇದೆ. ಹೈಡ್ರೋಜನ್‌ಗೆ ನಾವು ಜಲಜನಕ ಅಂತೀವಿ. ನೀರನ್ನು ಹುಟ್ಟಿಸುವುದು. 1780ರ ದಶಕದಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಈ ಅನಿಲವನ್ನು ಗಾಳಿಯಲ್ಲಿ ಉರಿಸಿ, ಉಳಿಯೋದು ಶುದ್ಧ ನೀರು ಅಂತ ತೋರಿಸಿದರು. ಫ್ರಾನ್ಸಿನ ಲವಾಸಿಯೆ ಮತ್ತು ಜೊತೆಗಾರರು ಅದೇ ಅರ್ಥದ ಹೆಸರಿಟ್ಟರು. 1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಕ್ಕಳಿಗಾಗಿ ಒಂದೇ ಒಂದು ಮೇಣದ ಬತ್ತಿ ಹಿಡಿದು ಆರು ಉಪನ್ಯಾಸ ಕೊಟ್ಟರು. ಅದರಲ್ಲೂ ಜ್ವಾಲೆಯಿಂದ ನೀರು ಇಳಿಸಿ ತೋರಿಸಿದರು. ನಾವು ಶಾಲೆಯಲ್ಲಿ ಜಲಜನಕ, ಆಮ್ಲಜನಕ ಅಂತ ಬಾಯಿಪಾಠ ಮಾಡಿದೆವು. ಆ ಹೆಸರು ಏನು ಹೇಳ್ತಿದೆ ಅಂತ ಯಾರಾದರೂ ಕೇಳಿಸಿದ್ದರೆ!

ಸಿಲಿಂಡರಿನಲ್ಲಿರೋದು ಪ್ರೊಪೇನ್ ಮತ್ತು ಬ್ಯೂಟೇನ್. ಬ್ಯೂಟೇನಿನ ಒಂದು ಅಣುವನ್ನು ಅಡಿಕೆ ಕೊನೆ ಅಂತ ಅಂದುಕೊಳ್ಳಿ. ನಡುವಿನ ದಿಂಡು ನಾಲ್ಕು ಇಂಗಾಲ. ಸುತ್ತ ಅಂಟಿಕೊಂಡ ಕಾಯಿಗಳು ಹತ್ತು ಜಲಜನಕ. ಉರಿ ಮಾಡೋದು ಕೊನೆಯಿಂದ ಕಾಯಿ ಬಿಡಿಸುವವರ ಕೆಲಸ. ಒಂದು ಕಾಯನ್ನೂ ಬಿಡದೆ ಕಿತ್ತು ಹಾಕುತ್ತದೆ. ಗಾಳಿಯ ಆಮ್ಲಜನಕ ಬಂದು ಎರಡೆರಡು ಕಾಯಿ ಎತ್ತಿಕೊಂಡು ಹೋಗುತ್ತದೆ. ಹಾಗೆ ಹತ್ತು ಕಾಯಿಗೆ ಐದು ನೀರಿನ ಅಣು. ದಿಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ.

ಸರಿ, ತೂಕಕ್ಕೆ ಬನ್ನಿ. 14.2 ಕಿಲೋ ಗ್ಯಾಸ್ ಪೂರ್ತಿ ಉರಿದರೆ ಸುಮಾರು 22 ಕಿಲೋ ನೀರು. ಹಾಕಿದ್ದಕ್ಕಿಂತ ಬಂದದ್ದು ಜಾಸ್ತಿ! ಹೇಗೆ? ಅಕ್ಕಿಹಿಟ್ಟಿಗೆ ನೀರು ಬೆರೆಸಿ ಉಂಡೆ ಕಟ್ಟಿದರೆ ಉಂಡೆ ಹಿಟ್ಟಿಗಿಂತ ಭಾರ ಇರುತ್ತದೆ ಅಲ್ವಾ, ಹಾಗೆ. ಒಂಬತ್ತು ಗ್ರಾಂ ನೀರಿನಲ್ಲಿ ಜಲಜನಕ ಒಂದೇ ಗ್ರಾಂ. ಮಿಕ್ಕ ಎಂಟು ಗ್ರಾಂ ಆಮ್ಲಜನಕ, ಅದು ನಿಮ್ಮ ಕೋಣೆಯ ಗಾಳಿಯಿಂದಲೇ ಬಂದದ್ದು.

ಅಕ್ಕನ ಮನೆಯಂಥ ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 300 ಗ್ರಾಂ ಗ್ಯಾಸ್ ತಿನ್ನುತ್ತದೆ. ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತು ಅಡಿ ಎತ್ತರದ ಕೋಣೆಯ ಗಾಳಿ 20 ಡಿಗ್ರಿಯಲ್ಲಿ ಹೊತ್ತುಕೊಳ್ಳಬಲ್ಲ ಆವಿ ಒಟ್ಟು 600 ಗ್ರಾಂ ಆಸುಪಾಸು. ಆಷಾಢದ ಮಲೆನಾಡಿನಲ್ಲಿ ಆ ಗಾಳಿ ಮೊದಲೇ ಹೆಚ್ಚುಕಮ್ಮಿ ತುಂಬಿರುತ್ತದೆ. ಬಿಸಿಯಾದಾಗ ಒಂದಷ್ಟು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಬೀರು ಹಿಂದಿನ ಗೋಡೆ ಬಿಸಿಯಾಗೋದಿಲ್ಲ. ಆವಿ ಅಲ್ಲಿಗೆ ಹೋಗಿ ನೀರಾಗುತ್ತದೆ. ಬೂಷ್ಟಿಗೆ ಇನ್ನೇನು ಬೇಕು?

ಹಾಗಾದರೆ ಅಜ್ಜಿ ಮನೆಯ ಬಚ್ಚಲೊಲೆ ಮೇಲೆ ಗಳಕ್ಕೆ ಹರವಿದ ಬಟ್ಟೆ ಒಣಗುತ್ತಿದ್ದದ್ದು ಹೇಗೆ? ಅಲ್ಲೂ ನೀರು ಹುಟ್ಟುತ್ತಿತ್ತು. ಚೆನ್ನಾಗಿ ಒಣಗಿದ ಸೌದೆಯೂ ಕಿಲೋಗೆ ಅರ್ಧ ಲೀಟರ್ ಕೊಡುತ್ತದೆ. ಆದರೆ ಮೇಲೆ ಹೆಂಚಿನ ಮಾಡು. ಹೊಗೆ, ಆವಿ ಎಲ್ಲ ಹೆಂಚಿನ ಸಂದಿಯಿಂದ ಹೊರಗೆ. ಕಾವಷ್ಟೇ ಒಳಗೆ ಸ್ವಲ್ಪ ನಿಲ್ಲುತ್ತಿತ್ತು. ಹೊರಗಿನಿಂದ ಹೊಸ ಗಾಳಿ ಬರುತ್ತಲೇ ಇರುತ್ತಿತ್ತು.

ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ಬೂಷ್ಟಿಗಿಂತ ದೊಡ್ಡ ಅಪಾಯ ಇದೆ. ಗಾಳಿ ಸಾಲದೆ ಉರಿದ ಗ್ಯಾಸ್ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ವಾಸನೆ ಬಂದರೆ ಗೊತ್ತಾಗುತ್ತಲ್ಲ ಅಂತೀರಾ? ಗ್ಯಾಸಿನ ಆ ಕೆಟ್ಟ ವಾಸನೆ ಸೋರಿಕೆ ತಿಳಿಯಲಿ ಅಂತ ಬೆರೆಸಿದ ಮರ್‌ಕ್ಯಾಪ್ಟನ್ನಿನದು. ಉರಿಯುವಾಗ ಅದೂ ಉರಿದುಹೋಗುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಕುಸಿದು ಬೀಳೋದು ಇದರಿಂದಲೇ.

ಅದಕ್ಕೆ ನಮ್ಮಲ್ಲಿ “ಗಾಳಿ ಸೋಕಿದೆ” ಅಂತ ತಾಯತ ಕಟ್ಟಿಸುವವರು ಈಗಲೂ ಇದ್ದಾರೆ. ಸೋಕಿದ್ದು ಗಾಳಿಯೇ, ಆದರೆ ದೆವ್ವದ್ದಲ್ಲ. 1921ರಲ್ಲಿ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಇಂಥದ್ದೇ ಒಂದು ಮನೆಯ ಕಥೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮನೆಯವರಿಗೆಲ್ಲ ತಲೆನೋವು. ರಾತ್ರಿ ಹೆಜ್ಜೆ ಸದ್ದು. ಯಾರೋ ನಿಂತ ಹಾಗೆ ಕಾಣೋದು. ಕೊನೆಗೆ ನೋಡಿದರೆ ಮನೆ ಕಾಯಿಸುವ ಕುಲುಮೆ ಕೆಟ್ಟು, ಅದರ ಹೊಗೆ ಕೋಣೆಗಳಿಗೆ ನುಗ್ಗುತ್ತಿತ್ತು. ಮಂತ್ರವಾದಿ ಬಂದಿದ್ದರೆ ಎಷ್ಟು ಕುರಿ ಕೋಳಿ ಹೋಗುತ್ತಿದ್ದವೋ. ಕುಲುಮೆ ಮಾತ್ರ ಹಾಗೇ ಇರುತ್ತಿತ್ತು. ಈ ಮಾತು ನನಗೆ ತುಂಬಾ ಸಂಕಟ ಕೊಡುತ್ತದೆ.

ಆದ್ದರಿಂದ ಹೀಟರ್ ಕೊಳ್ಳುವಾಗ ಬಣ್ಣ, ಬಿಲ್ಲೆ ಎಷ್ಟು ಅಂತ ಕೇಳಬೇಡಿ. ಉರಿದದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿ. ಗೋಡೆ ತೂರಿ ಹೊರಗೆ ಹೋಗುವ ಕೊಳವೆ ಇದ್ದರೆ ಆವಿಯೂ ವಿಷವೂ ಹೊರಗೆ. ಉರಿಗೆ ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಎಳೆದುಕೊಳ್ಳುವ ಮಾದರಿ ಇನ್ನೂ ಒಳ್ಳೆಯದು. ಕೊಳವೆ ಇಲ್ಲದ್ದೇ ಗತಿ ಅಂತಾದರೆ, ಆಮ್ಲಜನಕ ಕಮ್ಮಿಯಾದಾಗ ತಾನೇ ಆರುವ ವ್ಯವಸ್ಥೆ ಇರಲೇಬೇಕು. ಅದರಲ್ಲಿ ಒಂದು ಪುಟ್ಟ ಜ್ವಾಲೆ ಸದಾ ಒಂದು ಲೋಹದ ಕಡ್ಡಿಯನ್ನು ಕಾಯಿಸುತ್ತಿರುತ್ತದೆ. ಗಾಳಿ ಕೆಟ್ಟಾಗ ಜ್ವಾಲೆ ಕಡ್ಡಿ ಬಿಟ್ಟು ಮೇಲೇಳುತ್ತದೆ, ಕಡ್ಡಿ ತಣಿಯುತ್ತದೆ, ಗ್ಯಾಸ್ ನಿಲ್ಲುತ್ತದೆ. ಅದಿದ್ದರೂ ಮಲಗುವ ಕೋಣೆಯಲ್ಲಿ ಹಚ್ಚಿಟ್ಟು ನಿದ್ದೆ ಮಾಡಬೇಡಿ. ಬರೀ ಬೆಚ್ಚಗಾಗೋಕೆ ಕರೆಂಟ್ ಹೀಟರ್ ಸಾಕು, ಅದು ಒಂದು ಹನಿ ನೀರನ್ನೂ ಹುಟ್ಟಿಸೋದಿಲ್ಲ.

ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಲ್ಲಿರುತ್ತೆ? ಅಕ್ಕ ಗ್ಯಾಸ್ ಹೀಟರನ್ನು ಕರೆಂಟ್ ಹೋದ ದಿನಕ್ಕೆ ಅಂತ ಇಟ್ಟುಕೊಂಡಿದ್ದಾಳೆ. ವೆಂಟಿಲೇಟರಿಗೆ ಅಂಟಿಸಿದ್ದ ರಟ್ಟನ್ನು ಭಾವ ಅವತ್ತೇ ಕಿತ್ತರು. ಈಗ ಹಚ್ಚುವಾಗ ಜಗಲಿ ಬಾಗಿಲನ್ನು ನಾಲ್ಕು ಬೆರಳು ತೆರೆದಿಡುತ್ತಾರೆ. ಬೀರು ಗೋಡೆಯಿಂದ ಒಂದು ಗೇಣು ಮುಂದೆ ಬಂದಿದೆ.